ಟಕ್ ಅಂದರೆ ಸಾಲದು: ಟ್ರೈಲರ್ ಬೋಟಿಗೆ ಕ್ಯಾಚ್ ಹಾಕಿ ಇಳಿಸುವ, ಹತ್ತಿಸುವ ಬಗೆ

ಚಳಿ ಜಾಸ್ತಿಯಾದರೆ ನನ್ನ ಎಡಗೈ ಮಣಿಕಟ್ಟು ಈಗಲೂ ನೋಯುತ್ತದೆ. ಬೋಟ್ ಕೊಂಡ ಮೊದಲ ವರ್ಷದ ಕಾಣಿಕೆ ಅದು.

ಮೆಲ್ಬರ್ನ್‌ನ ಪಶ್ಚಿಮಕ್ಕೆ ವೆರಿಬಿ ಸೌತ್ ಅಂತ ಒಂದು ಜಾಗ. ಬೋಟ್ ಇಳಿಸಿ ಹತ್ತಿಸಲು ನೀರಿನೊಳಕ್ಕೆ ಇಳಿಯುವ ಕಾಂಕ್ರೀಟ್ ಇಳಿಜಾರು ಇದೆ, ರ‍್ಯಾಂಪ್ ಅಂತ. ಅಲ್ಲಿನ ರ‍್ಯಾಂಪಿನಲ್ಲಿ ಬೋಟನ್ನು ಕಾರಿನ ಹಿಂದೆ ಕಟ್ಟುವ ಟ್ರೈಲರ್ ಗಾಡಿ ಮೇಲಕ್ಕೆ ಎಳೆಯುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್, 4.75 ಮೀಟರ್, ಹಿಂದೆ 75 ಎಚ್‌ಪಿ ಎಂಜಿನ್. ಪಟ್ಟಿ ಸುತ್ತಿಕೊಂಡು ಬೋಟ್ ಎಳೆಯುವ ಕೈರಾಟೆಯನ್ನು, ಅಂದರೆ ವಿಂಚನ್ನು, ತಿರುಗಿಸಿ ತಿರುಗಿಸಿ ಸುಸ್ತಾಗಿ, ಒಂದು ನಿಮಿಷ ಬೆವರು ಒರೆಸಿಕೊಳ್ಳೋಣ ಅಂತ ಲಾಕ್ ಹಾಕಿದೆ. ಹಾಕಿದ್ದು ಲಾಕ್ ಅಲ್ಲ, ಇದ್ದ ಲಾಕನ್ನು ತೆಗೆದಿದ್ದೆ. ಬೋಟಿನ ಭಾರಕ್ಕೆ ಪಟ್ಟಿ ಸರ್ರನೆ ಬಿಚ್ಚಿಕೊಂಡಿತು. ಹಿಡಿಕೆ ಫ್ಯಾನಿನ ರೆಕ್ಕೆ ಥರ ತಿರುಗಿ ಕೈಗೆ ಬಡಿಯಿತು. ಆರು ವಾರ ಪ್ಲಾಸ್ಟರ್.

ನಾನು ಕುಂದಾಪುರದ ಕಡೆಯವನು. ಚಿಕ್ಕಂದಿನಲ್ಲಿ ನಾಡದೋಣಿ ಮರಳಿನ ಮೇಲೆ ಎಳೆಯುವಾಗ ನಾವು ಹುಡುಗರೂ ಕೈ ಹಚ್ಚುತ್ತಿದ್ದೆವು. ಹತ್ತಿಪ್ಪತ್ತು ಜನ ಒಟ್ಟಿಗೆ ಕೂಗಿ ಎಳೆದರೆ ದೋಣಿ ಮೇಲೆ. ಇಲ್ಲಿ ಹತ್ತಿಪ್ಪತ್ತು ಜನ ಎಲ್ಲಿಂದ ಬರಬೇಕು? ಇರುವುದು ನಾನು, ನನ್ನ ಹೆಂಡತಿ, ಮತ್ತೆ ಹಿಂದೆ ಸಾಲಾಗಿ ನಿಂತು ಹೆಡ್‌ಲೈಟ್ ಹಾಕಿಕೊಂಡು ಕಾಯುವ ಬೇರೆ ಟ್ರೈಲರ್‌ಗಳು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪೋರ್ಟ್ ಫಿಲಿಪ್ ಕೊಲ್ಲಿಗೆ ಸ್ನ್ಯಾಪರ್ ಮೀನು ಬರುವ ಕಾಲ. ಆಗ ಬೆಳಗಿನ ನಾಲ್ಕಕ್ಕೇ ರ‍್ಯಾಂಪಿನಲ್ಲಿ ಜಾತ್ರೆ.

ಪ್ಲಾಸ್ಟರ್ ಹಾಕಿಕೊಂಡು ಸುಮ್ನೆ ಜೆಟ್ಟಿ ಮೇಲೆ ಕೂತಿದ್ದಾಗ ಒಬ್ಬ ಗ್ರೀಕ್ ಅಜ್ಜನನ್ನು ನೋಡಿದೆ. ಒಬ್ಬನೇ ಬಂದ. ಬೋಟನ್ನು ಮೆಲ್ಲಗೆ ಟ್ರೈಲರ್ ಮೇಲೆ ಓಡಿಸಿದ, ಟಕ್ ಅಂತ ಸದ್ದಾಯಿತು, ಎಂಜಿನ್ ಎತ್ತಿದ, ಇಳಿದು ಕಾರು ಹತ್ತಿ ಮೇಲಕ್ಕೆ ಹೋದ. ವಿಂಚ್ ಮುಟ್ಟಲೇ ಇಲ್ಲ. ಹತ್ತಿರ ಹೋಗಿ ಕೇಳಿದೆ. ಅಂಗೈ ಅಗಲದ ಒಂದು ಸ್ಟೀಲ್ ಸಾಮಾನು ತೋರಿಸಿದ. ಇಲ್ಲಿ ಎಲ್ಲರೂ ಅದಕ್ಕೆ ಕ್ಯಾಚ್ ಅಂತಲೇ ಹೇಳುತ್ತಾರೆ.

ಇದು ಏನು ಮಾಡುತ್ತದೆ

ಟ್ರೈಲರ್‌ನ ಮುಂದೆ ವಿಂಚ್ ಇರುವ ಕಂಬ ಗೊತ್ತಲ್ಲ, ಕ್ಯಾಚನ್ನು ಆ ಕಂಬಕ್ಕೆ ಬಿಗಿಯುತ್ತಾರೆ. ಬೋಟಿನ ಮೂತಿಯ ಕೆಳಗೆ ವಿಂಚ್ ಕೊಕ್ಕೆ ಸಿಕ್ಕಿಸುವ ಒಂದು ಕೊಂಡಿ ಇರುತ್ತದೆ, ಬೋ ಐ ಅಂತ. ಬೋಟ್ ಟ್ರೈಲರ್ ಏರಿದಾಗ ಈ ಕೊಂಡಿ ಬಂದು ಕ್ಯಾಚ್‌ನ ಬಾಯೊಳಗೆ ಹೋಗುತ್ತದೆ. ಒಳಗೆ ಸ್ಪ್ರಿಂಗ್ ಇರುವ ದಪ್ಪ ಪಿನ್ ಒಂದನ್ನು ಮೊದಲೇ ಹಿಂದಕ್ಕೆ ಎಳೆದು ನಿಲ್ಲಿಸಿರುತ್ತೇವೆ. ಕೊಂಡಿ ತಾಗಿದ ತಕ್ಷಣ ಪಿನ್ ಚಿಮ್ಮಿ ಅದರ ತೂತಿನೊಳಗೆ ತೂರಿಕೊಳ್ಳುತ್ತದೆ. ಬಿಡಿಸುವಾಗ ಬೋಟಿನಿಂದಲೇ ಒಂದು ಹಗ್ಗ ಎಳೆದರೆ ಪಿನ್ ಹಿಂದೆ ಸರಿಯುತ್ತದೆ. ಬಾಗಿಲಿನ ಚಿಲಕದ ಕೆಲಸ, ಅಷ್ಟೇ.

ಪಿನ್ ಬದಲು ಕೊಕ್ಕೆ ಇರುವ ಮಾದರಿಯೂ ಉಂಟು. ಕೊಂಡಿ ಬಂದು ಕೊಕ್ಕೆಯನ್ನು ತಳ್ಳಿ ಒಳಗೆ ಹೋಗುತ್ತದೆ, ಕೊಕ್ಕೆ ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಎರಡೂ ಒಳ್ಳೆಯವೇ. ಪಿನ್ ಕೂತಿದೆಯೋ ಇಲ್ಲವೋ ಅಂತ ಕಣ್ಣಿಗೆ ಸಲೀಸಾಗಿ ಕಾಣುತ್ತದೆ ಅನ್ನುವ ಕಾರಣಕ್ಕೆ ನಾನು ಪಿನ್ ಇರುವುದನ್ನೇ ತೆಗೆದುಕೊಂಡೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕ್ಯಾಚ್‌ನ ಕೆಲಸ ನೀರಿನ ಅಂಚಿನಿಂದ ರ‍್ಯಾಂಪಿನ ತುದಿಯವರೆಗೆ ಮಾತ್ರ. ರಸ್ತೆಗೆ ಹೋಗುವಾಗ ವಿಂಚ್ ಪಟ್ಟಿ ಬೇಕು, ಬೇರೆಯಾಗಿ ಸೇಫ್ಟಿ ಚೈನ್ ಬೇಕು, ಬೋಟಿನ ಹಿಂಭಾಗವನ್ನು ಟ್ರೈಲರ್‌ಗೆ ಬಿಗಿಯುವ ಬೆಲ್ಟ್‌ಗಳೂ ಬೇಕು. ಪಿನ್ ಇದೆಯಲ್ಲ ಅಂತ ಇವನ್ನು ಬಿಟ್ಟು ಫ್ರೀವೇ ಹತ್ತಿದವರನ್ನು ನೋಡಿದ್ದೇನೆ.

ಕೊಳ್ಳುವ ಮುಂಚೆ

ನನ್ನ ಕ್ಯಾಚ್‌ಗೆ 300 ಚಿಲ್ಲರೆ ಡಾಲರ್ ಆಯಿತು. ಅಂಗಡಿಗೆ ಹೋಗುವ ಮುಂಚೆ ಮೂರು ಅಳತೆ ಬರೆದುಕೊಳ್ಳಿ: ಕೊಂಡಿಯ ಕಂಬಿ ಎಷ್ಟು ದಪ್ಪ, ಕೊಂಡಿಯ ಒಳಗೆ ಎಷ್ಟು ಜಾಗ, ವಿಂಚ್ ಕಂಬ ಎಷ್ಟು ಅಗಲ. ಬೋಟಿನ ಉದ್ದ ಮತ್ತು ತೂಕವನ್ನೂ ಹೇಳಿ. ಸಣ್ಣ ಬೋಟಿಗೆ ಒಂದು ಸೈಜು, ದೊಡ್ಡದಕ್ಕೆ ಬೇರೆ.

ಫೈಬರ್ ಬೋಟಿನಲ್ಲಿ ಸಾಮಾನ್ಯವಾಗಿ ಯು ಆಕಾರದ ಬೋಲ್ಟ್ ಇರುತ್ತದೆ. ಹಳೆಯ ಬೋಟಾದರೆ ಮೂತಿಯ ಒಳಗೆ ಟಾರ್ಚ್ ಬಿಟ್ಟು ಆ ಬೋಲ್ಟಿನ ನಟ್‌ಗಳನ್ನು ನೋಡಿ. ನನ್ನದರಲ್ಲಿ ಒಂದು ನಟ್ ಸಡಿಲ. ಅದರ ಹಿಂದೆ ಕೊಟ್ಟಿದ್ದ ಮರದ ತುಂಡು ಕೈಯಲ್ಲಿ ಹಿಡಿದರೆ ನೆನೆದ ರಸ್ಕ್ ಥರ ಉದುರಿತು. ಮರ ತೆಗೆದು ಅಲ್ಯೂಮಿನಿಯಂ ಪ್ಲೇಟ್ ಕೊಟ್ಟು, ಹೊಸ ಬೋಲ್ಟ್ ಹಾಕಿ, ಸುತ್ತ ಸೀಲೆಂಟ್ ಹಚ್ಚಿದೆ. ಕ್ಯಾಚ್ ಎಷ್ಟು ಗಟ್ಟಿಯಿದ್ದರೇನು, ಅದು ಹಿಡಿಯುವುದು ಆ ಕೊಂಡಿಯನ್ನು ತಾನೇ?

ಅಲ್ಯೂಮಿನಿಯಂ ಬೋಟಾದರೆ ಕೊಂಡಿಯ ಬದಲು ತೂತಿರುವ ಒಂದು ತಗಡನ್ನು ವೆಲ್ಡ್ ಮಾಡಿರುವುದು ಜಾಸ್ತಿ. ಅದರ ತೂತು ಸಣ್ಣದಿದ್ದರೆ ಪಿನ್ ಹೋಗುವುದಿಲ್ಲ. ತೂತು ದೊಡ್ಡದು ಮಾಡುತ್ತೇನೆ ಅಂತ ಡ್ರಿಲ್ ಹಿಡಿಯಬೇಡಿ, ಅಂಚಿನಲ್ಲಿ ಉಳಿಯುವ ಲೋಹ ಕಮ್ಮಿಯಾಗಿಬಿಡುತ್ತದೆ. ವೆಲ್ಡರ್ ಹತ್ತಿರ ಹೋಗಿ.

ಲೋಹ 316 ಸ್ಟೇನ್‌ಲೆಸ್ ಸ್ಟೀಲ್ ಇರಲಿ. 304 ನೋಡಲು ಹಾಗೇ ಇರುತ್ತದೆ, ಆದರೆ ಉಪ್ಪುನೀರಿಗೆ ಬೇಗ ಕಂದು ಕಲೆ ಹಿಡಿಯುತ್ತದೆ.

ಬಿಗಿಯುವುದು

ಇಲ್ಲೇ ಜಾಸ್ತಿ ಜನ ತಪ್ಪುವುದು. ನಾನೂ ತಪ್ಪಿದೆ. ಮನೆ ಮುಂದೆ ಸಮತಟ್ಟು ಜಾಗದಲ್ಲಿ ಬೋಟ್ ನಿಲ್ಲಿಸಿ, ಕೊಂಡಿ ಎಲ್ಲಿದೆಯೋ ಸರಿಯಾಗಿ ಅಲ್ಲಿಗೆ ಕ್ಯಾಚ್ ಹಿಡಿದು, ನಟ್‌ಗಳನ್ನು ಪೂರ್ತಿ ಬಿಗಿದೆ. ಅಚ್ಚುಕಟ್ಟಾಗಿ ಕೂತಿತು. ಮಾರನೇ ದಿನ ನೀರಿಗೆ ಹೋದರೆ ಕೊಂಡಿ ಬಾಯಿಗೆ ಬರುವುದೇ ಇಲ್ಲ. ಒಂದು ಬೆರಳು ಕೆಳಗೆ ಬಂದು ಗುದ್ದುತ್ತಿದೆ.

ಕಾರಣ ಸರಳ. ರ‍್ಯಾಂಪಿನಲ್ಲಿ ಟ್ರೈಲರ್ ಇಳಿಜಾರಾಗಿ ನಿಂತಿರುತ್ತದೆ. ಬೋಟಿನ ಹಿಂಭಾಗ ನೀರಲ್ಲಿ ತೇಲುತ್ತಿರುತ್ತದೆ. ಅಂದರೆ ಟ್ರೈಲರ್‌ನ ಲೆಕ್ಕದಲ್ಲಿ ಬೋಟಿನ ಹಿಂಭಾಗ ಎದ್ದು, ಮೂತಿ ತಗ್ಗಿರುತ್ತದೆ. ಟ್ರೈಲರ್ ಮೇಲೆ ಬಂದಂತೆ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ. ಮನೆ ಮುಂದೆ ತೆಗೆದ ಅಳತೆ ನೀರಲ್ಲಿ ಸುಳ್ಳಾಗುವುದು ಹೀಗೆ.

ಹಾಗಾಗಿ ಮನೆಯಲ್ಲಿ ಬರೀ ಅಂದಾಜಿಗೆ ಕೂರಿಸಿ. ನಟ್‌ಗಳನ್ನು ಕೈಯಿಂದ ಜರುಗಿಸಲು ಆಗದಷ್ಟು, ಆದರೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಸರಿಯುವಷ್ಟು ಬಿಗಿ ಮಾಡಿ. ವಾರದ ಮಧ್ಯೆ, ಮಧ್ಯಾಹ್ನ, ರ‍್ಯಾಂಪ್ ಖಾಲಿ ಇರುವಾಗ ಸ್ಪ್ಯಾನರ್ ತೆಗೆದುಕೊಂಡು ಹೋಗಿ. ವಿಂಚ್ ಪಟ್ಟಿ ಹಾಕಿಯೇ ಇರಲಿ. ಬೋಟ್ ಹಿಂದೆ ಬಿಡಿ, ಮುಂದೆ ತನ್ನಿ, ಕೊಂಡಿ ಎಲ್ಲಿ ತಾಗುತ್ತದೆ ನೋಡಿ, ಕ್ಯಾಚನ್ನು ಅಲ್ಲಿಗೆ ಸರಿಸಿ. ನನಗೆ ಆರು ಸಲ ಬೇಕಾಯಿತು. ಮೂತಿಗೆ ತಾಗುವ ರಬ್ಬರ್ ರೋಲರ್ ಇರುತ್ತದಲ್ಲ, ಬೋಟನ್ನು ನಿಲ್ಲಿಸಬೇಕಾದ್ದು ಅದು. ಕ್ಯಾಚ್‌ನ ಗೋಡೆಗೆ ಬೋಟ್ ಗುದ್ದಿ ನಿಲ್ಲುವ ಹಾಗೆ ಇಡಬೇಡಿ. ಪಿನ್ ಕೂತ ಮೇಲೆ ಕೊಂಡಿ ಮುಂದೆ ಹಿಂದೆ ಸ್ವಲ್ಪ ಆಡುವಂತಿರಬೇಕು. ಜಾಗ ಪಕ್ಕಾ ಆದಮೇಲೆ ಪೂರ್ತಿ ಬಿಗಿದು, ಮಾರ್ಕರ್‌ನಿಂದ ಕಂಬದ ಮೇಲೆ ಗೆರೆ ಎಳೆಯಿರಿ. ಮುಂದೆಂದಾದರೂ ಕ್ಯಾಚ್ ಜರುಗಿದರೆ ಗೊತ್ತಾಗುತ್ತದೆ.

ಎರಡು ಸಣ್ಣ ವಿಷಯ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗ ಜೋರಾಗಿ ಬಿಗಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ, ಆಮೇಲೆ ಗರಗಸವೇ ಗತಿ. ಮೊದಲೇ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ಇನ್ನೊಂದು, ಟ್ರೈಲರ್ ಕಂಬ ಸತು ಬಳಿದ ಕಬ್ಬಿಣ. ಅದಕ್ಕೆ ಸ್ಟೇನ್‌ಲೆಸ್ ನೇರವಾಗಿ ತಾಗಿ ಉಪ್ಪುನೀರೂ ಸೇರಿದರೆ ಸತು ತಿಂದುಹೋಗುತ್ತದೆ. ನಡುವೆ ರಬ್ಬರ್ ಹಾಳೆ ಅಥವಾ ನೈಲಾನ್ ವಾಷರ್ ಕೊಡಿ. ನಾನು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದೇನೆ.

ನೀರಿಗೆ ಇಳಿಸುವಾಗ

ರ‍್ಯಾಂಪಿನ ಮೇಲೆ ನಿಂತು ತಯಾರಿ ಮಾಡಬೇಡಿ. ಪಕ್ಕದಲ್ಲಿ ಅದಕ್ಕೇ ಜಾಗ ಇರುತ್ತದೆ. ಹಿಂದಿನ ಬೆಲ್ಟ್ ಬಿಚ್ಚುವುದು, ಬೋಟಿನ ಒಳಗಿನ ನೀರು ಹೊರಹೋಗುವ ತೂತಿಗೆ ಬಿರಡೆ ಹಾಕುವುದು, ಐಸ್ ಪೆಟ್ಟಿಗೆ ಏರಿಸುವುದು, ಲೈಫ್ ಜಾಕೆಟ್ ತೊಡುವುದು, ಟ್ರೈಲರ್ ಲೈಟಿನ ಪ್ಲಗ್ ಕೀಳುವುದು, ಎಲ್ಲ ಅಲ್ಲೇ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 4.8 ಮೀಟರ್‌ವರೆಗಿನ ಎಂಜಿನ್ ಬೋಟ್ ಓಡುತ್ತಿರುವಾಗ ತೆರೆದ ಜಾಗದಲ್ಲಿರುವವರು ಜಾಕೆಟ್ ಹಾಕಿರಲೇಬೇಕು. ಬಿರಡೆ ಮರೆತರೆ ಏನಾಗುತ್ತದೆ ಅಂತ ಬರೆಯುವುದಿಲ್ಲ. ಎಲ್ಲರೂ ಒಂದು ಸಲ ಮರೆಯುತ್ತಾರೆ.

ಮೂತಿಗೆ ಉದ್ದದ ಹಗ್ಗ ಕಟ್ಟಿ, ತುದಿಯನ್ನು ಬೋಟಿನೊಳಗೆ ಎಸೆಯಿರಿ. ಪಿನ್ ಕೊಂಡಿಯೊಳಗೆ ಪೂರ್ತಿ ಇದೆಯಾ ಅಂತ ಬಗ್ಗಿ ನೋಡಿ. ಇದ್ದರೆ ವಿಂಚ್ ಪಟ್ಟಿ ಬಿಚ್ಚಬಹುದು. ಚೈನನ್ನು ಮಾತ್ರ ನಾನು ನೀರಿನ ಅಂಚಿಗೆ ಬಂದಮೇಲೆ ತೆಗೆಯುವುದು. ಕ್ಯಾಚ್ ಇದ್ದರೆ ಮೇಲೆಯೇ ಎಲ್ಲ ಬಿಚ್ಚಬಹುದು ಅನ್ನುವವರು ಇದ್ದಾರೆ. ಬೋಟ್ ಕೂರುವ ಪಟ್ಟಿಗಳು, ಅಂದರೆ ಸ್ಕಿಡ್, ನಯವಾಗಿರುವ ಟ್ರೈಲರ್‌ನಿಂದ ಒಂದು ಬೋಟ್ ಜಾರಿ, ಎಂಜಿನ್ ಮೊದಲಾಗಿ ಕಾಂಕ್ರೀಟಿಗೆ ಬಿದ್ದ ಸದ್ದು ನಾನು ಕೇಳಿದ್ದೇನೆ. ಮೂವತ್ತು ಸೆಕೆಂಡ್ ಉಳಿಸಿ ನನಗೆ ಆಗಬೇಕಾದ್ದೇನೂ ಇಲ್ಲ.

ಕಾರು ಹಿಂದಕ್ಕೆ ಬಿಡುವಾಗ ಕಿಟಕಿ ಇಳಿಸಿರಲಿ. ಟ್ರೈಲರ್‌ನ ಮಡ್‌ಗಾರ್ಡ್ ನೋಡುತ್ತಿರಿ. ಬೋಟಿನ ಹಿಂಭಾಗ ಅಲ್ಲಾಡಲು ಶುರುವಾದರೆ ತೇಲುತ್ತಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಜೋರಾಗಿ ಎಳೆದು, ಗೇರನ್ನು ಪಾರ್ಕ್‌ಗೆ ಹಾಕಿ.

ಈಗ ನಾನು ಬೋಟಿನಲ್ಲಿ. ಎಂಜಿನ್ ಇಳಿಸಿ, ಸ್ಟಾರ್ಟ್ ಮಾಡಿ, ಪಕ್ಕದಿಂದ ಎಂಜಿನ್ನನ್ನು ತಂಪಾಗಿಸುವ ನೀರಿನ ಸಣ್ಣ ಧಾರೆ ಚಿಮ್ಮುತ್ತಿದೆಯಾ ನೋಡುತ್ತೇನೆ. ಎಂಜಿನ್ ಇನ್ನೂ ಬಿಸಿಯಾಗದೆ ಮುಗ್ಗರಿಸುತ್ತಿದ್ದರೆ ಕಾಯುತ್ತೇನೆ. ಬೋಟ್ ಇನ್ನೂ ಕ್ಯಾಚ್‌ನಲ್ಲೇ ಇರುವುದರಿಂದ ಗಾಳಿ ಎಲ್ಲಿಗೂ ತಳ್ಳುವುದಿಲ್ಲ. ಕ್ಯಾಚ್‌ನ ನಿಜವಾದ ಸುಖ ಇದು. ಮೊದಲೆಲ್ಲ ಬೋಟ್ ತೇಲಿಬಿಟ್ಟು ಆಮೇಲೆ ಎಂಜಿನ್ ಸ್ಟಾರ್ಟ್ ಆಗದೆ, ಹೆಂಡತಿ ಮೊಣಕಾಲು ನೀರಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದಳು.

ಹಗ್ಗ ಎಳೆದರೆ ಪಿನ್ ಬರುತ್ತಿಲ್ಲವಾ? ಎಳೆದಾಡಬೇಡಿ. ಬೋಟ್ ಹಿಂದಕ್ಕೆ ಜಗ್ಗುತ್ತಿರುವುದರಿಂದ ಕೊಂಡಿಯ ಭಾರವೆಲ್ಲ ಪಿನ್ ಮೇಲಿದೆ. ಎಂಜಿನ್ನನ್ನು ಮುಂದಿನ ಗೇರಿಗೆ ಹಾಕಿ, ರೇಸ್ ಕೊಡದೆ ಎರಡು ಸೆಕೆಂಡ್ ಬಿಡಿ. ಮೂತಿ ರೋಲರ್‌ಗೆ ಒತ್ತುತ್ತದೆ, ಪಿನ್ ಸಡಿಲವಾಗುತ್ತದೆ. ಈಗ ಹಗ್ಗ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಕೆಲವು ಮಾದರಿಯಲ್ಲಿ ಹಗ್ಗ ಹಿಡಿದುಕೊಂಡೇ ಹಿಂದೆ ಸರಿಯಬೇಕು. ನನ್ನದರಲ್ಲಿ ಪಿನ್ ಸರಿದು ಅಲ್ಲೇ ನಿಲ್ಲುತ್ತದೆ. ಮೆಲ್ಲಗೆ ರಿವರ್ಸ್ ಹಾಕಿ ಹೊರಟರೆ ಆಯಿತು.

ಮತ್ತೆ ಹತ್ತಿಸುವಾಗ

ಹತ್ತಿಸುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಟ್ರೈಲರ್ ಎಷ್ಟು ಆಳದಲ್ಲಿ ನಿಂತಿದೆ ಅನ್ನುವುದರ ಮೇಲಿದೆ. ತೀರಾ ಆಳಕ್ಕೆ ಹೋದರೆ ಬೋಟ್ ಪೂರ್ತಿ ತೇಲಿ ಕೊಂಡಿ ಕ್ಯಾಚ್‌ನ ಮೇಲೆ ಹೋಗುತ್ತದೆ, ಜೊತೆಗೆ ಮೂತಿ ಅತ್ತಿತ್ತ ತೊನೆಯುತ್ತದೆ. ಆಳ ಸಾಲದಿದ್ದರೆ ಕೊಂಡಿ ಒಂದು ಗೇಣು ದೂರದಲ್ಲೇ ಉಳಿಯುತ್ತದೆ, ಆಗ ಜನ ರೇಸ್ ಕೊಟ್ಟು ನುಗ್ಗಿಸುತ್ತಾರೆ. ಹಾಗೆ ನುಗ್ಗಿಸಿದರೆ ಪ್ರೊಪೆಲರ್‌ನ ನೀರಿನ ರಭಸಕ್ಕೆ ರ‍್ಯಾಂಪಿನ ತುದಿಯ ಮಣ್ಣು ಕೊಚ್ಚಿ ಹೋಗಿ ಗುಂಡಿ ಬೀಳುತ್ತದೆ. ನಾಳೆ ಯಾರದೋ ಟ್ರೈಲರ್ ಚಕ್ರ ಅದರಲ್ಲಿ ಸಿಕ್ಕಿಬೀಳುತ್ತದೆ.

ನಾನು ಮಡ್‌ಗಾರ್ಡ್‌ಗೆ ಹಳದಿ ಟೇಪು ಅಂಟಿಸಿದ್ದೇನೆ. ವೆರಿಬಿ ಸೌತ್‌ನಲ್ಲಿ ನೀರು ಆ ಟೇಪಿಗೆ ಬಂದರೆ ಸರಿ. ಆದರೆ ಒಂದು ರ‍್ಯಾಂಪಿನ ಗುರುತು ಇನ್ನೊಂದಕ್ಕೆ ಆಗುವುದಿಲ್ಲ, ಇಳಿಜಾರು ಬೇರೆ. ಉಬ್ಬರ ಇಳಿತವೂ ಬೇರೆ. ಪೋರ್ಟ್ ಫಿಲಿಪ್ ಒಳಗೆ ನೀರು ಏರಿ ಇಳಿಯುವುದು ಒಂದು ಮೀಟರ್‌ಗಿಂತ ಕಮ್ಮಿ. ಪಕ್ಕದ ವೆಸ್ಟರ್ನ್‌ಪೋರ್ಟ್ ಕೊಲ್ಲಿಯಲ್ಲಿ, ಉದಾಹರಣೆಗೆ ಹೇಸ್ಟಿಂಗ್ಸ್‌ನಲ್ಲಿ, ಸುಮಾರು 3 ಮೀಟರ್‌ವರೆಗೂ ಹೋಗುತ್ತದೆ. ಅಲ್ಲಿ ಬೆಳಿಗ್ಗೆ ಇಳಿಸಿದ ರ‍್ಯಾಂಪು ಮಧ್ಯಾಹ್ನ ಬೇರೆಯದೇ ಥರ ಕಾಣುತ್ತದೆ. ಇಳಿತದಲ್ಲಿ ಬಯಲಾಗುವ ಹಸಿರು ಪಾಚಿ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಬೇಡಿ.

ಬೋಟ್ ಬರುವ ಮುಂಚೆ ಪಿನ್ ಹಿಂದೆ ನಿಂತಿದೆಯಾ ಅಂತ ಕಾರಿನಲ್ಲಿ ಬಂದವರು ನೋಡಬೇಕು. ನೋಡಿ ಪಕ್ಕಕ್ಕೆ ಸರಿಯಬೇಕು. ಬೋಟಿಗೂ ಕಂಬಕ್ಕೂ ನಡುವೆ ಯಾರೂ ನಿಲ್ಲಬಾರದು, ಕ್ಯಾಚ್‌ನ ಬಾಯಿಗೆ ಬೆರಳು ಹಾಕಲೇಬಾರದು.

ಬೋಟನ್ನು ಗೇರಿನಲ್ಲಿಟ್ಟು, ರೇಸ್ ಕೊಡದೆ, ಟ್ರೈಲರ್‌ನ ಹಿಂದೆ ಎರಡು ಬದಿಯಲ್ಲಿ ಗುರುತಿಗೆ ನಿಲ್ಲಿಸಿರುವ ಕಂಬಗಳ ನಡುವೆ ಗುರಿಯಿಡಿ. ಮಧ್ಯಾಹ್ನದ ಮೇಲೆ ಇಲ್ಲಿ ಸಮುದ್ರದ ಗಾಳಿ ಏಳುತ್ತದೆ, ಕೊಲ್ಲಿ ಆಳವಿಲ್ಲದ್ದರಿಂದ ಗಿಡ್ಡ, ಕಡಿದಾದ ಅಲೆ. ಗಾಳಿ ಬರುವ ಕಡೆಗೆ ಸ್ವಲ್ಪ ಹೆಚ್ಚಾಗಿ ತಿರುಗಿಸಿಕೊಂಡು ಬನ್ನಿ, ಅದೇ ನಿಮ್ಮನ್ನು ನಡುವಿಗೆ ತರುತ್ತದೆ. ಮೂತಿ ಮೊದಲ ರೋಲರ್ ಹಿಡಿದ ಮೇಲೆ, ಕೊನೆಯ ಒಂದೆರಡು ಅಡಿಗೆ ಚೂರು ರೇಸ್. ಸೊಟ್ಟ ಬಂದರೆ ತಿದ್ದಲು ಹೋಗಬೇಡಿ. ಹಿಂದೆ ಸರಿದು ಮತ್ತೆ ಬನ್ನಿ. ಸಾಲಿನಲ್ಲಿರುವವರು ಹಾರ್ನ್ ಹೊಡೆದರೆ ಹೊಡೆಯಲಿ.

ಟಕ್.

ಈ ಟಕ್ ನಂಬಿ ನಾನು ಒಂದು ಸಲ ಕೆಟ್ಟಿದ್ದೇನೆ. ಕ್ಯಾಚ್ ಹಾಕಿದ ಎರಡನೇ ವರ್ಷ. ಸದ್ದು ಸರಿಯಾಗಿಯೇ ಬಂತು. ಕೈ ತೋರಿಸಿದೆ, ಹೆಂಡತಿ ಕಾರು ಮುಂದಕ್ಕೆ ತೆಗೆದಳು. ರ‍್ಯಾಂಪಿನ ಅರ್ಧಕ್ಕೆ ಬರುವಾಗ ಕಾಲ ಕೆಳಗೆ ಬೋಟ್ ಮೆಲ್ಲಗೆ ಹಿಂದಕ್ಕೆ ಸರಿದ ಹಾಗಾಯಿತು. ಕೂಗಿದೆ. ಕಿಟಕಿ ತೆರೆದಿತ್ತು, ಕೇಳಿಸಿತು, ಅವಳು ತಕ್ಷಣ ರಿವರ್ಸ್ ಹಾಕಿ ನೀರಿಗೇ ತಂದಳು. ಆಮೇಲೆ ನೋಡಿದರೆ ಪಿನ್ ಹೋಗುವ ತೂತಿನಲ್ಲಿ ಕಪ್ಪೆಚಿಪ್ಪಿನ ಒಂದು ಚೂರು, ಅಕ್ಕಿಕಾಳಿನಷ್ಟು. ಪಿನ್ ಚಿಮ್ಮಿದೆ, ಅದಕ್ಕೆ ತಾಗಿ ಅರ್ಧದಲ್ಲೇ ನಿಂತಿದೆ. ಕೊಂಡಿಯ ಅಂಚನ್ನಷ್ಟೇ ಹಿಡಿದಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಟಕ್ ಅಂದ ಮೇಲೆ ನಾನು ಎಂಜಿನ್ ನ್ಯೂಟ್ರಲ್ ಮಾಡಿ, ಮೂತಿಗೆ ಹೋಗಿ ಬಗ್ಗಿ, ಪಿನ್ನಿನ ತುದಿ ಆಚೆ ಬದಿಯಲ್ಲಿ ಹೊರಗೆ ಬಂದಿದೆಯಾ ನೋಡುತ್ತೇನೆ. ತುದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೇವೆ. ಕೆಂಪು ಕಂಡರೆ ಪೂರ್ತಿ ಹೋಗಿದೆ. ಆಮೇಲೆ ಒಂದು ಕ್ಷಣ ರಿವರ್ಸ್ ಹಾಕಿ ಜಗ್ಗಿ ನೋಡುತ್ತೇನೆ. ಕಾರಿನಿಂದ ಅವಳದು ಒಂದೇ ಪ್ರಶ್ನೆ, "ಹ್ವಾಯ್, ಕೆಂಪು ಕಂಡ್ರ್ಯಾ?" ಹೂಂ ಅನ್ನದೆ ಬ್ರೇಕ್ ಬಿಡುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ನೋಡಿದ ಅಪ್ಪಯ್ಯ, "ಒಂದ್ ದೋಣಿ ಹತ್ಸುಕೆ ಇಷ್ಟೆಲ್ಲ ಬೇಕಾ ಮಾರಾಯ?" ಅಂದರು.

ನೋಡಿದ ಮೇಲೆ ಎಂಜಿನ್ ಆಫ್ ಮಾಡಿ ಮೇಲಕ್ಕೆತ್ತಿ, ಚೈನ್ ಹಾಕಿ. ಒಬ್ಬರೇ ಇದ್ದರೆ ಮೂತಿಯಿಂದಲೇ ಇಳಿಯಬೇಕಾಗುತ್ತದೆ, ಅಲ್ಲಿ ಜಾರದ ಪಟ್ಟಿ ಅಂಟಿಸಿಕೊಳ್ಳಿ. ಕಾರು ನಿಧಾನಕ್ಕೆ ಮೇಲೆ ತಂದು, ಸಾಲಿನಿಂದ ದೂರ ನಿಲ್ಲಿಸಿ. ವಿಂಚ್ ಪಟ್ಟಿ ಸಿಕ್ಕಿಸಿ ಬಿಗಿಯಿರಿ, ಹಿಂದಿನ ಬೆಲ್ಟ್ ಹಾಕಿ, ಬಿರಡೆ ತೆಗೆದು ನೀರು ಸುರಿಯಲು ಬಿಡಿ, ಲೈಟ್ ಪ್ಲಗ್ ಸಿಕ್ಕಿಸಿ.

ಮನೆಗೆ ಬಂದ ಮೇಲೆ

ಎಂಜಿನ್‌ಗೆ ಸಿಹಿನೀರು ಹಾಯಿಸುವಾಗ ಅದೇ ಪೈಪನ್ನು ಕ್ಯಾಚ್‌ನ ಬಾಯಿಗೂ ಹಿಡಿಯಿರಿ. ಪಿನ್ ನಾಲ್ಕೈದು ಸಲ ಎಳೆದು ಬಿಡಿ, ಒಳಗಿನ ಮರಳು ಹೊರಗೆ ಬರುತ್ತದೆ. ಒಣಗಿದ ಮೇಲೆ ಲ್ಯಾನೊಲಿನ್ ಸ್ಪ್ರೇ ಹೊಡೆಯಿರಿ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಅದು, ಈ ದೇಶದಲ್ಲಿ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಚಕ್ರದ ಬೇರಿಂಗ್‌ಗೆ ಹಾಕುವ ದಪ್ಪ ಗ್ರೀಸ್ ಇಲ್ಲಿ ಬೇಡ, ಮರಳು ಹಿಡಿದುಕೊಂಡು ಅಂಟಾಗುತ್ತದೆ.

ಬೇರಿಂಗ್ ಅಂದಾಗ ನೆನಪಾಯಿತು. ದೂರದಿಂದ ಓಡಿಸಿಕೊಂಡು ಬಂದ ತಕ್ಷಣ ಟ್ರೈಲರನ್ನು ನೀರಿಗೆ ಇಳಿಸಬೇಡಿ. ಬೇರಿಂಗ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್, ಬಿಸಿಯಿದ್ದಾಗ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಪಕ್ಕದಿಂದ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಬೆಲ್ಟ್ ಬಿಚ್ಚಿ ತಯಾರಾಗುವಷ್ಟರಲ್ಲಿ ಹತ್ತು ನಿಮಿಷ ಆಗುತ್ತದೆ. ಕೈಯಿಂದ ಮುಟ್ಟಿ ನೋಡಿ ಇಳಿಸಿ.

ಬೋಟ್ ನಿಲ್ಲಿಸಿಡುವಾಗ ಪಿನ್ ಎಳೆದ ಸ್ಥಿತಿಯಲ್ಲಿ ಬಿಡಬೇಡಿ, ಸ್ಪ್ರಿಂಗ್ ಸುಮ್ನೆ ದಣಿಯುತ್ತದೆ. ಎಳೆಯುವ ಹಗ್ಗ ಬಿಸಿಲಿಗೆ ಬೇಗ ಬೆಳ್ಳಗಾಗಿ ಎಳೆ ಬಿಡುತ್ತದೆ, ನಾನು ಪ್ರತಿ ಸೆಪ್ಟೆಂಬರ್‌ನಲ್ಲಿ ಬದಲಾಯಿಸುತ್ತೇನೆ. ಎರಡು ಮೀಟರ್ ಹಗ್ಗ ಸಾಕು, ತುದಿಗೆ ಹಿಡಿಯಲು ಒಂದು ದೊಡ್ಡ ಗಂಟು. ಅದೇ ದಿನ ಪಿನ್ನಿನ ತುದಿಗೆ ಹೊಸದಾಗಿ ನೇಲ್ ಪಾಲಿಶ್. ಬಣ್ಣ ಯಾವುದೆಂದು ಆರಿಸುವುದು ಹೆಂಡತಿಯ ಕೆಲಸ. ಈ ವರ್ಷ ಗುಲಾಬಿ.